ಕರಟದ ಇದ್ದಿಲು ಕರೆಂಟ್ ಹಿಡ್ಕೊಳ್ಳೋದು ಹೇಗೆ

ತಿಪಟೂರು ಕಡೆ ಮನೆಗಳಲ್ಲಿ ಕೊಬ್ಬರಿ ಒಡೆದ ಮೇಲೆ ಉಳಿಯೋ ಕರಟ ಸೀದಾ ಹೋಗೋದು ಬಚ್ಚಲ ಒಲೆಗೆ. ನಮ್ಮಜ್ಜಿ ಹಂಡೆ ನೀರು ಕಾಯ್ದ ತಕ್ಷಣ ಕೆಂಡನ್ನೆಲ್ಲ ಮುಂದಕ್ಕೆ ಎಳೆದು ಅದರ ಮೇಲೆ ಒಂದು ತೂತು ಬಿದ್ದ ಮಡಕೆ ಕವುಚಿ ಹಾಕೋರು, ನಾನು ನಿಧಾನ ಮಾಡಿದ್ರೆ "ಬೇಗ ಮುಚ್ಚೋ, ಬೂದಿ ಆಗೋಯ್ತದೆ" ಅಂತ ಬೈಯೋರು. ಬೆಳಿಗ್ಗೆ ಮಡಕೆ ಎತ್ತಿದ್ರೆ ಕರಟದ ಆಕಾರ ಹಾಗೇ ಇರೋ ಕಪ್ಪು ಇದ್ದಿಲು, ಇಸ್ತ್ರಿ ಪೆಟ್ಟಿಗೆಗೆ ರೆಡಿ. ಬಯೋಮಾಸ್ ಕಾರ್ಬನ್ ಎಲೆಕ್ಟ್ರೋಡ್, ಅಂದ್ರೆ ಗಿಡಮರದ ಕಸ ಸುಟ್ಟು ಮಾಡಿದ, ಬ್ಯಾಟರಿ ಒಳಗೆ ಚಾರ್ಜ್ ಹಿಡಿಯೋ ಕಾರ್ಬನ್ ಭಾಗ, ಅಂತ ಈಗ ಪೇಪರಲ್ಲಿ ಆವಾಗಾವಾಗ ಸುದ್ದಿ ಬರುತ್ತಲ್ಲ, ಬಾಳೆ ಸಿಪ್ಪೆಯಿಂದ ಬ್ಯಾಟರಿ, ಅಡಿಕೆ ಸಿಪ್ಪೆಯಿಂದ ಬ್ಯಾಟರಿ, ಅದರ ಅರ್ಧ ಕೆಮಿಸ್ಟ್ರಿ ಈ ಮಡಕೆ ಕೆಳಗೇ ಇದೆ. ಇನ್ನರ್ಧ ಸ್ವಲ್ಪ ತಲೆ ಕೆಡಿಸೋ ಅಂಥದ್ದು, ನಾನು ಎಂಎಸ್ಸಿ ಪ್ರಾಜೆಕ್ಟಲ್ಲಿ ಆರು ತಿಂಗಳು ಇದೇ ಕರಟ ಸುಟ್ಟು ಕೈ ಕಪ್ಪು ಮಾಡ್ಕೊಂಡಿದ್ದರಿಂದ ಒಂದಿಷ್ಟು ಹೇಳಬಹುದು ಅನ್ಸುತ್ತೆ.

ಮೊದಲು ಮಡಕೆ ವಿಷಯ. ಕರಟ ಆಗ್ಲಿ ಕಟ್ಟಿಗೆ ಆಗ್ಲಿ, ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಅನ್ನೋ ಮೂರು ಪದಾರ್ಥ, ಮೂರರಲ್ಲೂ ಇರೋದು ಕಾರ್ಬನ್, ಹೈಡ್ರೋಜನ್, ಆಕ್ಸಿಜನ್ ಅಷ್ಟೇ. ಗಾಳಿ ಇದ್ರೆ ಕಾರ್ಬನ್ನೂ ಉರಿದು ಗ್ಯಾಸಾಗಿ ಹೋಗುತ್ತೆ, ಉಳಿಯೋದು ಒಂದು ಚಿಟಿಕೆ ಬೂದಿ. ಗಾಳಿ ಇಲ್ದೆ ಬಿಸಿ ಮಾಡಿದ್ರೆ 200ರಿಂದ 300 ಡಿಗ್ರಿ ಒಳಗೆ ಹೆಮಿಸೆಲ್ಯುಲೋಸ್ ಒಡೆಯುತ್ತೆ, 300 ದಾಟಿದ ಮೇಲೆ ಸೆಲ್ಯುಲೋಸ್ ಸರದಿ, ಲಿಗ್ನಿನ್ ಮಾತ್ರ ಹಠಮಾರಿ, 200ರಿಂದ ಶುರುವಾಗಿ 500 ದಾಟಿದ್ರೂ ನಿಧಾನಕ್ಕೆ ಬೇಯ್ತಾನೇ ಇರುತ್ತೆ. ನೀರು, ಟಾರು, ಹೊಗೆ ಎಲ್ಲ ಆಚೆ ಹೋಗಿ ಕಾರ್ಬನ್ನಿನ ಅಸ್ಥಿಪಂಜರ ಉಳಿಯುತ್ತೆ. ಸುಮಾರು 3 ಕೆಜಿ ಕರಟಕ್ಕೆ 1 ಕೆಜಿ ಇದ್ದಿಲು ಅನ್ನೋದು ಲೆಕ್ಕ. ಕರಟದಲ್ಲಿ ಲಿಗ್ನಿನ್ ಜಾಸ್ತಿ, ಬೂದಿ ಕಮ್ಮಿ, ಸಾಮಾನ್ಯವಾಗಿ 1 ಪರ್ಸೆಂಟ್ ಒಳಗೇ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹೀಗೆ ಗಿಡ ಸುಟ್ಟು ಕರೆಂಟಿಗೆ ಬಳಸೋದು ಹೊಸದೇನಲ್ಲ ಬಿಡಿ. 1880ರಲ್ಲಿ ಎಡಿಸನ್ ಬಲ್ಬಿನ ಒಳಗೆ ಹಾಕಿದ್ದು ಬಿದಿರಿನ ನಾರನ್ನ ಸುಟ್ಟು ಮಾಡಿದ ಕಾರ್ಬನ್ ದಾರ, ಆಮೇಲೆ ಜಪಾನಿನ ಕ್ಯೋಟೋ ಹತ್ರದ ಬಿದಿರು ತರಿಸಿ ಸಾವಿರ ಗಂಟೆ ಮೇಲೆ ಉರಿಸಿದ್ರು.

ಆದ್ರೆ ಅಜ್ಜಿ ಇದ್ದಿಲನ್ನ ಹಾಗೇ ತಗೊಂಡು ಬ್ಯಾಟರಿಗೆ ಹಾಕೋಕಾಗಲ್ಲ. ಮನೇಲಿ ಮಲ್ಟಿಮೀಟರ್ ಇದ್ರೆ ಒಂದು ಸಣ್ಣ ಟೆಸ್ಟ್ ಮಾಡಿ: ಸರಿಯಾಗಿ ಬೇಯದ, ಸ್ವಲ್ಪ ಕಂದು ಕಂದಾಗಿರೋ ಇದ್ದಿಲಿನ ಎರಡು ತುದಿಗೆ ಪ್ರೋಬ್ ಇಟ್ರೆ ಮೀಟರ್ ಅಲ್ಲಾಡೋದೇ ಇಲ್ಲ. ಕುಲುಮೆಯಲ್ಲಿ ಚೆನ್ನಾಗಿ ಕೆಂಪಗೆ ಕಾದು ತಣ್ಣಗಾದ ತುಂಡಿಗೆ ಇಟ್ಟು ನೋಡಿ, ರೆಸಿಸ್ಟೆನ್ಸ್ ದಬಕ್ಕಂತ ಇಳಿಯುತ್ತೆ. 700 ಡಿಗ್ರಿ ಆಸುಪಾಸು ದಾಟಿದ ಮೇಲೆ ಕಾರ್ಬನ್ ಪರಮಾಣುಗಳು ಜೇನುಗೂಡಿನ ಥರ ಆರು ಮೂಲೆ ಹಾಳೆಗಳಾಗಿ ಬೆಳೆದು ಒಂದಕ್ಕೊಂದು ತಗಲಿಕೊಳ್ತವೆ, ಎಲೆಕ್ಟ್ರಾನ್ ಓಡಾಡೋಕೆ ದಾರಿ ಆಗುತ್ತೆ. ಎಲೆಕ್ಟ್ರೋಡ್ ಅಂದ್ಮೇಲೆ ಮೊದಲ ಕಂಡೀಷನ್ನೇ ಇದು.

ಈಗ ವಿಷಯ ಎರಡಾಗಿ ಒಡೆಯುತ್ತೆ. ಪೇಪರ್ ಸುದ್ದಿಗಳು ಎರಡನ್ನೂ "ಬ್ಯಾಟರಿ" ಅಂತ ಒಂದೇ ಚೀಲಕ್ಕೆ ತುಂಬ್ತವೆ, ಗೊಂದಲ ಎಲ್ಲ ಅಲ್ಲೇ. ಒಂದು ಸೂಪರ್ ಕೆಪಾಸಿಟರ್, ಇನ್ನೊಂದು ಸೋಡಿಯಂ ಬ್ಯಾಟರಿ. ಎರಡಕ್ಕೂ ಕರಟದ ಕಾರ್ಬನ್ ಆಗುತ್ತೆ, ಆದ್ರೆ ಒಂದಕ್ಕೆ ಬೇಕಾದ ಕಾರ್ಬನ್ ಇನ್ನೊಂದಕ್ಕೆ ವಿಷ ಇದ್ದಂಗೆ.

ಸೂಪರ್ ಕೆಪಾಸಿಟರ್ ಮೊದಲು. ಎರಡು ಕಾರ್ಬನ್ ಎಲೆಕ್ಟ್ರೋಡು, ಮಧ್ಯೆ ಉಪ್ಪು ಕರಗಿಸಿದ ದ್ರಾವಣ. ಉಪ್ಪು ಕರಗಿದಾಗ ಬಿಡಿಬಿಡಿಯಾಗೋ ಚಾರ್ಜ್ ಇರೋ ಕಣಗಳಿಗೆ ಅಯಾನು ಅಂತಾರೆ, ಕಾರ್ಬನ್ನಿನ ಮೇಲ್ಮೈನ ಗೋಡೆ ಅಂದ್ಕೊಳ್ಳಿ. ಚಾರ್ಜ್ ಮಾಡಿದಾಗ ಒಂದು ಕಡೆ ಗೋಡೆಗೆ ಪ್ಲಸ್ ಅಯಾನುಗಳು, ಇನ್ನೊಂದು ಕಡೆ ಗೋಡೆಗೆ ಮೈನಸ್ ಅಯಾನುಗಳು ಬಂದು ಒರಗಿ ನಿಂತ್ಕೊಳ್ತವೆ. ಅಷ್ಟೇ ಕೆಲಸ. ಒಳಗೆ ಹೋಗಲ್ಲ, ರಿಯಾಕ್ಷನ್ ಆಗಲ್ಲ, ಬಸ್ ಸ್ಟ್ಯಾಂಡಲ್ಲಿ ಗೋಡೆಗೆ ಒರಗಿದ ಜನದ ಥರ, ಬಸ್ ಬಂದ್ರೆ ಎದ್ದು ಹೊರಟ್ರು. ಅದಕ್ಕೇ ಸೆಕೆಂಡುಗಳಲ್ಲಿ ಚಾರ್ಜ್ ಆಗುತ್ತೆ, ಲಕ್ಷಗಟ್ಟಲೆ ಸಲ ಚಾರ್ಜ್ ಮಾಡಿದ್ರೂ ಸವೆಯಲ್ಲ. ಹಿಂಗೆ ಗೋಡೆ ಪಕ್ಕ ಚಾರ್ಜಿನ ಎರಡು ಪದರ ನಿಲ್ಲುತ್ತೆ ಅಂತ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಹೇಳಿದ್ರು, ಆದ್ರೆ ತೂತು ತೂತಾದ ಕಾರ್ಬನ್ ಹಾಕಿ ಕೆಪಾಸಿಟರ್ ಮಾಡಬಹುದು ಅನ್ನೋ ಪೇಟೆಂಟ್ ಬಂದಿದ್ದು 1957ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ.

ಒರಗಿ ನಿಲ್ಲೋರು ಜಾಸ್ತಿ ಬೇಕು ಅಂದ್ರೆ ಗೋಡೆ ಜಾಸ್ತಿ ಬೇಕು. ಚಾರ್ಜ್ ಹಿಡಿಯೋ ಸಾಮರ್ಥ್ಯಕ್ಕೆ ಕೆಪಾಸಿಟೆನ್ಸ್ ಅಂತಾರೆ, ಅದರ ಅಳತೆ ಫ್ಯಾರಡ್. ಒಂದು ಚದರ ಸೆಂಟಿಮೀಟರ್ ಕಾರ್ಬನ್ ಗೋಡೆಗೆ ಸುಮಾರು 10 ಮೈಕ್ರೋ ಫ್ಯಾರಡ್ ಅಂತ ಇಟ್ಕೊಳ್ಳಿ, ಏನೇನೂ ಅಲ್ಲ. ಆದ್ರೆ ಚೆನ್ನಾಗಿ ತಯಾರು ಮಾಡಿದ ಕರಟದ ಕಾರ್ಬನ್ ಒಂದೇ ಒಂದು ಗ್ರಾಮಲ್ಲಿ 1500 ಚದರ ಮೀಟರ್ ಗೋಡೆ ಇರುತ್ತೆ. ಬೆಂಗಳೂರು ಭಾಷೇಲಿ ಹೇಳೋದಾದ್ರೆ ಥರ್ಟಿ ಫಾರ್ಟಿ ಸೈಟು ಒಂದಕ್ಕೆ 111 ಚದರ ಮೀಟರ್ ಚಿಲ್ರೆ, ಅಂದ್ರೆ ಹದಿಮೂರು ಸೈಟು, ಒಂದು ಚಿಟಿಕೆ ಕಪ್ಪು ಪುಡಿ ಒಳಗೆ. ಗುಣಿಸಿ ನೋಡಿ, ಗ್ರಾಮಿಗೆ 150 ಫ್ಯಾರಡ್ ಬರುತ್ತೆ. ಫ್ಯಾನಿನ ಕೆಪಾಸಿಟರ್ ಮೇಲೆ ಎರಡೂವರೆ ಮೈಕ್ರೋ ಫ್ಯಾರಡ್ ಅಂತ ಬರೆದಿರುತ್ತಲ್ಲ, ಅದು ಫ್ಯಾರಡಿನ ಹತ್ತು ಲಕ್ಷದಲ್ಲಿ ಎರಡೂವರೆ ಪಾಲು.

ಅಷ್ಟು ಗೋಡೆ ಎಲ್ಲಿಂದ ಬಂತು? ಬರೀ ಸುಟ್ರೆ ಬರಲ್ಲ, ತೂತು ಕೊರೀಬೇಕು, ಇದಕ್ಕೆ ಆಕ್ಟಿವೇಷನ್ ಅಂತಾರೆ. ದೊಡ್ಡ ಫ್ಯಾಕ್ಟರಿಗಳಲ್ಲಿ 800-900 ಡಿಗ್ರಿಗೆ ಕೆಂಪಗೆ ಕಾದ ಇದ್ದಿಲಿನ ಮೇಲೆ ನೀರಿನ ಹಬೆ ಬಿಡ್ತಾರೆ. ಹಬೆ ಕಾರ್ಬನ್ನನ್ನ ಒಂದೊಂದೇ ಪರಮಾಣು ಕಿತ್ತು ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಮಾಡಿ ಎತ್ಕೊಂಡು ಹೋಗುತ್ತೆ, ಗೆದ್ದಲು ತಿಂದ ಹಾಗೆ ಒಳಗೆಲ್ಲ ಸುರಂಗ. ಮಡಕೆ ಇಲ್ದಿದ್ದಾಗ ಅಜ್ಜಿ ಕೆಂಡದ ಮೇಲೆ ನೀರು ಚಿಮುಕಿಸಿ ಆರಿಸ್ತಿದ್ರು, ಚುಂಯ್ ಅಂತ ಹಬೆ ಏಳ್ತಿತ್ತು, ಆ ಒಂದೆರಡು ಸೆಕೆಂಡು ಅಲ್ಲಿ ನಡೀತಿದ್ದಿದ್ದೂ ಚೂರುಪಾರು ಇದೇ ರಿಯಾಕ್ಷನ್. ಆದ್ರೆ ಫ್ಯಾಕ್ಟರೀಲಿ ಇದನ್ನ ಗಂಟೆಗಟ್ಟಲೆ ಮಾಡ್ತಾರೆ, ಗೋಡೆ ಹೆಚ್ಚಾದಷ್ಟೂ ಇದ್ದಿಲು ಖಾಲಿ ಆಗ್ತಾ ಹೋಗುತ್ತೆ, ಒಳ್ಳೆ ಗ್ರೇಡ್ ಬೇಕು ಅಂದ್ರೆ ಅರ್ಧಕ್ಕಿಂತ ಹೆಚ್ಚು ಹಬೆಗೇ ಹೋಗುತ್ತೆ. ಮೂಟೆಗಟ್ಟಲೆ ಕರಟ ಸುಟ್ಟು ಚೀಲದಷ್ಟು ಕಾರ್ಬನ್, ಅಗ್ಗ ಅಗ್ಗ ಅನ್ನೋರು ಈ ಲೆಕ್ಕ ಹೇಳಲ್ಲ.

ಲ್ಯಾಬುಗಳಲ್ಲಿ ಫೇಮಸ್ ಆಗಿರೋ ಇನ್ನೊಂದು ದಾರಿ ಕಾಸ್ಟಿಕ್ ಪೊಟ್ಯಾಶ್, ಅಂದ್ರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಇದ್ದಿಲ ಪುಡಿಗೆ ಅದರ ಮೂರು ನಾಲ್ಕು ಪಟ್ಟು ಪೊಟ್ಯಾಶ್ ಕಲಸಿ ನೈಟ್ರೋಜನ್ ಗ್ಯಾಸ್ ಒಳಗೆ 700-800 ಡಿಗ್ರಿಗೆ ಕಾಯಿಸೋದು. ಪೊಟ್ಯಾಶ್ ಕಾರ್ಬನ್ನನ್ನ ತಿನ್ನುತ್ತೆ, ಜೊತೆಗೆ ಹುಟ್ಟೋ ಪೊಟ್ಯಾಸಿಯಂ ಲೋಹ ಆವಿಯಾಗಿ ಕಾರ್ಬನ್ ಹಾಳೆಗಳ ಮಧ್ಯೆ ನುಗ್ಗಿ ಅವನ್ನ ಬೇರೆ ಬೇರೆ ಮಾಡುತ್ತೆ. ಗ್ರಾಮಿಗೆ 3000 ಚದರ ಮೀಟರ್ ತನಕ ಹೋಗಬಹುದು. ನಾನೂ ಇದೇ ಮಾಡಿದ್ದು, ಪುಡಿ ಇಟ್ಟು ಕುಲುಮೆಗೆ ತಳ್ಳೋ ದೋಣಿ ಆಕಾರದ ತಟ್ಟೆಗೆ ಬೋಟ್ ಅಂತಾರೆ, ನಮ್ಮ ಲ್ಯಾಬಲ್ಲಿ ನಿಕ್ಕಲ್ ಬೋಟ್ ಇರಲಿಲ್ಲ, ಅಲ್ಯೂಮಿನಾ ಬೋಟಲ್ಲೇ ಹಾಕಪ್ಪ ಅಂದ್ರು ಸೀನಿಯರ್, ಹಾಕ್ದೆ. ಮೊದಲ ರನ್ನಿಗೇ ಬೋಟಿನ ತಳ ಸುಣ್ಣದ ಥರ ಪುಡಿಪುಡಿ, ಎರಡನೇ ರನ್ನಿಗೆ ಪೊಟ್ಯಾಶ್ ಉಕ್ಕಿ ಹರಿದು ಕ್ವಾರ್ಟ್ಜ್ ಟ್ಯೂಬು ಹಾಲು ಚೆಲ್ಲಿದಂಗೆ ಮಸುಕಾಯ್ತು, ಮೂರನೇ ರನ್ನಿಗೆ ಟ್ಯೂಬು ಢಮಾರ್. ಆಮೇಲೆ ತೊಳೆಯೋ ಕೆಲಸ ಬೇರೆ. ಉಳಿದ ಪೊಟ್ಯಾಸಿಯಂ ಲೋಹ ನೀರು ಬಿದ್ರೆ ಹೊತ್ಕೊಳ್ಳುತ್ತೆ ಅಂತ ಹುಷಾರಾಗಿ ಹನಿ ಹನಿ ಹಾಕಿ, ಆಮೇಲೆ ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ ತೊಳೆದು, ಆಮೇಲೆ ಪಿಎಚ್ ಪೇಪರ್ ಏಳು ತೋರಿಸೋ ತನಕ ನೀರು, ನೀರು, ನೀರು. 2 ಗ್ರಾಂ ಪುಡಿಗೆ ಬಕೆಟ್‌ಗಟ್ಟಲೆ ಡಿಸ್ಟಿಲ್ಡ್ ವಾಟರ್ ಸುರಿದಿದೀನಿ. ಪರಿಸರಸ್ನೇಹಿ ಅಂತ ಥೀಸಿಸ್ ಮೊದಲ ಸಾಲಲ್ಲಿ ಬರೆಯೋವಾಗ ಕೈ ಸ್ವಲ್ಪ ನಡುಗಿತ್ತು.

ಗೋಡೆ ಎಷ್ಟಿದೆ ಅನ್ನೋದರ ಜೊತೆ ತೂತು ಎಷ್ಟು ದೊಡ್ಡದು ಅನ್ನೋದೂ ಮುಖ್ಯ. ಅಯಾನು ದ್ರಾವಣದಲ್ಲಿ ಒಂಟಿಯಾಗಿ ಓಡಾಡಲ್ಲ, ಸುತ್ತ ದ್ರಾವಕದ ಅಣುಗಳು ದಪ್ಪ ಕಂಬಳಿ ಥರ ಹೊದ್ದಿರುತ್ತೆ. ಹಾಗಾಗಿ ಒಂದು ನ್ಯಾನೋಮೀಟರಿಗಿಂತ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಸಣ್ಣ ತೂತು ವೇಸ್ಟು, ಕಂಬಳಿ ಹೊದ್ಕೊಂಡು ಒಳಗೆ ಹೋಗೋಕಾಗಲ್ಲ ಅಂತ ತುಂಬ ವರ್ಷ ನಂಬಿದ್ರು. 2006ರಲ್ಲಿ ಚಮಿಯೋಲಾ, ಗೊಗೋತ್ಸಿ, ಸೀಮೋನ್ ಅನ್ನೋ ಸಂಶೋಧಕರು ಮತ್ತು ಅವರ ಜೊತೆಗಾರರು ಅಳತೆ ಮಾಡಿ ನೋಡಿದ್ರೆ ಉಲ್ಟಾ, ಒಂದು ನ್ಯಾನೋಮೀಟರಿಗಿಂತ ಕೆಳಗೆ ಹೋದಂಗೆ ಕೆಪಾಸಿಟೆನ್ಸ್ ದಿಢೀರ್ ಅಂತ ಏರ್ತಿತ್ತು. ಅಯಾನು ಬಾಗಿಲಲ್ಲೇ ಕಂಬಳಿ ಬಿಚ್ಚಿಟ್ಟು ಒಳಗೆ ನುಗ್ತಿದೆ, ಗೋಡೆಗೆ ಇನ್ನೂ ಹತ್ರ ನಿಲ್ತಿದೆ. ಕರಟದ ಕಾರ್ಬನ್ನಲ್ಲಿ ಇಂಥ ಸಣ್ಣ ತೂತುಗಳೇ ಜಾಸ್ತಿ, ಅದಕ್ಕೇ ಅದಕ್ಕೆ ಮರ್ಯಾದೆ. ಜಪಾನಿನ ಕುರಾರೆ ಕಂಪನಿ ತೆಂಗಿನ ಚಿಪ್ಪಿಂದ ಮಾಡೋ ಒಂದು ಗ್ರೇಡನ್ನ ಸೂಪರ್ ಕೆಪಾಸಿಟರ್ ಲೋಕದಲ್ಲಿ ತೂಕದ ಬಟ್ಟಿನ ಥರ ಬಳಸ್ತಾರೆ, ಹೊಸ ಕಾರ್ಬನ್ ಏನೇ ಮಾಡಿದ್ರೂ ಅದರ ಪಕ್ಕ ಇಟ್ಟು ಹೋಲಿಸೋದು.

ಹಾಗಾದ್ರೆ ಮೊಬೈಲಿಗೆ ಯಾಕೆ ಸೂಪರ್ ಕೆಪಾಸಿಟರ್ ಇಲ್ಲ? ಒಂದು ದಪ್ಪ ಟಾರ್ಚಿನ ಗಾತ್ರದ, ಅರ್ಧ ಕೆಜಿ ಆಸುಪಾಸು ತೂಗೋ 3000 ಫ್ಯಾರಡ್ ಸೆಲ್ ತಗೊಳ್ಳಿ, 2.7 ವೋಲ್ಟಿಗೆ ಚಾರ್ಜ್ ಮಾಡಿದ್ರೆ ಅದರೊಳಗೆ ಸೇರೋ ಶಕ್ತಿ ಸುಮಾರು 3 ವ್ಯಾಟ್ ಅವರ್. ನಿಮ್ಮ ಜೇಬಲ್ಲಿರೋ 5000 ಮಿಲಿಆಂಪ್ ಅವರ್ ಬ್ಯಾಟರೀಲಿ 19 ವ್ಯಾಟ್ ಅವರ್ ಇದೆ. ಅಂದ್ರೆ ಒಂದು ಫೋನಿಗೆ ಆರು ಸೆಲ್, ಮೂರು ಕೆಜಿ, ಜೇಬು ಹರ್ಕೊಂಡು ಕೆಳಗೆ. ಹಾಗಾಗಿ ಸೂಪರ್ ಕೆಪಾಸಿಟರ್ ಕೆಲಸ ಬೇರೆ: ಬ್ರೇಕ್ ಹಾಕಿದಾಗ ಬರೋ ಶಕ್ತೀನ ಗಬಕ್ಕನೆ ಹಿಡಿದು ಮುಂದಿನ ಕ್ಷಣ ವಾಪಸ್ ಕೊಡೋದು, ಇಂಥವು. ಶಾಂಘೈಲಿ 2006ರಿಂದ ಸ್ಟಾಪಲ್ಲಿ ನಿಂತಾಗಲೇ ಚಾರ್ಜ್ ಮಾಡ್ಕೊಂಡು ಮುಂದಿನ ಸ್ಟಾಪಿಗೆ ಹೋಗೋ ಬಸ್ಸುಗಳು ಓಡಿದವು. ನಮ್ಮ ಪಕ್ಕದ ಕೇರಳದಲ್ಲಿ ಕೆಲ್ಟ್ರಾನ್ ಸಂಸ್ಥೆ ಇಸ್ರೋ ತಂತ್ರಜ್ಞಾನ ತಗೊಂಡು 2024ರಲ್ಲಿ ಕಣ್ಣೂರಲ್ಲಿ ಸೂಪರ್ ಕೆಪಾಸಿಟರ್ ತಯಾರಿ ಶುರು ಮಾಡಿದೆ.

ಈಗ ಎರಡನೇ ಕಥೆ, ಸೋಡಿಯಂ. ಲಿಥಿಯಂ ಬ್ಯಾಟರಿಯ ನೆಗೆಟಿವ್ ಎಲೆಕ್ಟ್ರೋಡ್ ಅಂದ್ರೆ ಗ್ರಾಫೈಟ್, ಪೆನ್ಸಿಲ್ ಲೆಡ್ಡಿನ ಅಣ್ಣ, ಕಾರ್ಬನ್ ಹಾಳೆಗಳು ನೋಟಿನ ಕಟ್ಟಿನ ಥರ ನೀಟಾಗಿ ಜೋಡಿಸಿದ್ದು. ಹಾಳೆ ಹಾಳೆ ಮಧ್ಯೆ ಲಿಥಿಯಂ ನುಸುಳಿ ಕೂರುತ್ತೆ, ಗ್ರಾಮಿಗೆ 372 ಮಿಲಿಆಂಪ್ ಅವರ್ ತನಕ ಹಿಡಿಯುತ್ತೆ. ಬ್ಯಾಟರಿ ಗ್ರೇಡ್ ಗ್ರಾಫೈಟ್ ಬಹುಪಾಲು ಬರೋದು ಚೀನಾದಿಂದ, 2023ರ ಡಿಸೆಂಬರಿಂದ ಅವರು ರಫ್ತಿಗೆ ಪರ್ಮಿಟ್ ಬೇಕು ಅಂದ್ರು. ಲಿಥಿಯಂ ಕಥೆನೂ ಹಂಗೇ, ಮಂಡ್ಯದ ಮರಳಗಾಲ ಹತ್ರ ಸಿಕ್ಕಿದೆ ಅಂತ ಗುಲ್ಲೆದ್ದು ಕೊನೆಗೆ ಸರ್ಕಾರ ಹೇಳಿದ ಅಂದಾಜು 1,600 ಟನ್. ಸೋಡಿಯಂ ಆದ್ರೆ ಉಪ್ಪಲ್ಲೇ ಇದೆ. ಹಾಗಾಗಿ ಸೋಡಿಯಂ ಬ್ಯಾಟರಿ ಕಡೆ ಎಲ್ಲರ ಕಣ್ಣು, ಚೀನಾದ ಬ್ಯಾಟರಿ ಕಂಪನಿ ಸಿಎಟಿಎಲ್ 2021ರಲ್ಲಿ ಕೆಜಿಗೆ 160 ವ್ಯಾಟ್ ಅವರ್ ಸೆಲ್ ಘೋಷಣೆ ಮಾಡ್ತು, ರಿಲಯನ್ಸ್ ಇಂಗ್ಲೆಂಡಿನ ಫ್ಯಾರಡಿಯನ್ ಅನ್ನೋ ಸೋಡಿಯಂ ಬ್ಯಾಟರಿ ಕಂಪನೀನ ಕೊಂಡ್ಕೊಳ್ತು.

ಸಮಸ್ಯೆ ಏನಂದ್ರೆ ಸೋಡಿಯಂ ಗ್ರಾಫೈಟ್ ಒಳಗೆ ಸರಿಯಾಗಿ ಕೂರಲ್ಲ. ಸೋಡಿಯಂ ಗಾತ್ರ ದೊಡ್ಡದು ಅದಕ್ಕೆ ಅಂತ ಎಲ್ಲಾ ಕಡೆ ಬರೀತಾರೆ, ನಾನೂ ಬರೆದಿದ್ದೆ, ವೈವಾದಲ್ಲಿ ಎಕ್ಸಾಮಿನರ್ ಒಂದೇ ಪ್ರಶ್ನೆ ಕೇಳಿದ್ರು, ಪೊಟ್ಯಾಸಿಯಂ ಇನ್ನೂ ದೊಡ್ಡದು ಕಣಪ್ಪ, ಅದು ಹೇಗೆ ಗ್ರಾಫೈಟಲ್ಲಿ ಆರಾಮಾಗಿ ಕೂರುತ್ತೆ? ಬಾಯಿ ಕಟ್ತು. ಗಾತ್ರ ಒಂದೇ ಅಲ್ಲ, ಸೋಡಿಯಂಗೂ ಕಾರ್ಬನ್ ಹಾಳೆಗೂ ನಂಟು ಕಮ್ಮಿ, ಒಳಗೆ ಕೂರೋಕ್ಕಿಂತ ಹೊರಗೆ ಲೋಹ ಆಗಿ ಇರೋದೇ ಅದಕ್ಕೆ ಸುಖ. ಸೋ ಗ್ರಾಫೈಟ್ ಬೇಡ, ಸ್ವಲ್ಪ ಅಡ್ಡಾದಿಡ್ಡಿ ಕಾರ್ಬನ್ ಬೇಕು, ಅದಕ್ಕೆ ಹಾರ್ಡ್ ಕಾರ್ಬನ್ ಅಂತಾರೆ.

ಇಲ್ಲಿ ಕರಟ ಮತ್ತೆ ಎಂಟ್ರಿ. ಡಿಎನ್‌ಎ ಎಕ್ಸ್‌ರೇ ಫೋಟೋದಿಂದ ನಮಗೆಲ್ಲ ಗೊತ್ತಿರೋ ರೋಸಲಿಂಡ್ ಫ್ರಾಂಕ್ಲಿನ್ ಅದಕ್ಕೂ ಮೊದಲು ಕಲ್ಲಿದ್ದಲು, ಇದ್ದಿಲಿನ ಮೇಲೆ ಕೆಲಸ ಮಾಡಿದ್ರು. 1951ರ ಲೇಖನದಲ್ಲಿ ಅವರು ತೋರಿಸಿದ್ದು, ಕಾರ್ಬನ್ನಲ್ಲಿ ಎರಡು ಜಾತಿ, ಕೆಲವು ಕಾಯಿಸ್ತಾ ಹೋದ್ರೆ ಗ್ರಾಫೈಟ್ ಆಗ್ತವೆ, ಕೆಲವು 3000 ಡಿಗ್ರಿ ಕಾಯಿಸಿದ್ರೂ ಆಗಲ್ಲ. ಡಾಂಬರಿನ ಥರದ್ದು ಸುಡೋಕೆ ಮುಂಚೆ ಕರಗಿ ನೀರಾಗುತ್ತೆ, ಆಗ ಹಾಳೆಗಳು ತೇಲಾಡ್ತಾ ಸಾಲಾಗಿ ಕೂರ್ತವೆ. ಕರಟ ಕರಗಲ್ಲ, ಇದ್ದಲ್ಲೇ ಗಟ್ಟಿಯಾಗುತ್ತೆ, ಹಾಳೆಗಳು ಅಡ್ಡಡ್ಡ ಸಿಕ್ಕಾಕೊಂಡು ಹೊರಳೋಕೇ ಆಗಲ್ಲ. ಇಸ್ಪೀಟ್ ಎಲೆ ನೆಲಕ್ಕೆ ಚೆಲ್ಲಿದ್ರೆ ಹೇಗೆ ಬೀಳುತ್ತೋ ಹಾಗೆ. 2000ದಲ್ಲಿ ಕೆನಡಾದ ಸ್ಟೀವನ್ಸ್ ಮತ್ತು ಡಾನ್ ಗ್ಲೂಕೋಸ್ ಸುಟ್ಟು ಮಾಡಿದ ಇಂಥ ಕಾರ್ಬನ್ನಲ್ಲಿ ಸೋಡಿಯಂ ಗ್ರಾಮಿಗೆ 300 ಮಿಲಿಆಂಪ್ ಅವರ್ ಸುಮಾರು ಕೂರುತ್ತೆ ಅಂತ ತೋರಿಸಿದ್ರು. ಆಗಿನಿಂದ ಗಿಡ, ಸಿಪ್ಪೆ, ಹೊಟ್ಟು, ಸಿಕ್ಕಿದ್ದೆಲ್ಲ ಸುಟ್ಟು ನೋಡೋ ಜಾತ್ರೆ.

ಈಗ ನಾನು ಮೊದಲೇ ಹೇಳಿದ ಉಲ್ಟಾ ವಿಷಯ ನೋಡಿ. ಸೂಪರ್ ಕೆಪಾಸಿಟರಿಗೆ ತೂತು ಬಾಯಿ ತೆರೆದಿರಬೇಕು, ದ್ರಾವಣ ಒಳಗೆ ಹೋಗಬೇಕು. ಸೋಡಿಯಂ ಬ್ಯಾಟರಿಗೆ ತೂತು ಇರಬೇಕು ಆದ್ರೆ ಬಾಯಿ ಮುಚ್ಚಿರಬೇಕು, ಸೋಡಿಯಂ ಮಾತ್ರ ಹಾಳೆಗಳ ಮಧ್ಯೆ ನುಸುಳಿ ಆ ಮುಚ್ಚಿದ ಕೋಣೇಲಿ ಗುಂಪಾಗಿ ಕೂರಬೇಕು, ದ್ರಾವಣ ಒಳಗೆ ಕಾಲಿಡಬಾರದು. ಕಾಲಿಟ್ರೆ ಅಷ್ಟೂ ಗೋಡೆ ಮೇಲೆ ಕೊಳೆ ಕಟ್ಟಿದ ಹಾಗೆ ಪದರ ಬೆಳೆದು ಮೊದಲನೇ ಚಾರ್ಜಲ್ಲೇ ಸೋಡಿಯಂ ದಂಡ. ಹಾಗಾಗಿ ಇಲ್ಲಿ ಆಕ್ಟಿವೇಷನ್ ಮಾಡಲ್ಲ, ಬದಲಿಗೆ 1200-1400 ಡಿಗ್ರಿಗೆ ಇನ್ನೂ ಬಿಸಿ ಮಾಡಿ ತೂತುಗಳ ಬಾಯಿ ಹೊಲೀತಾರೆ. ಅಲ್ಲಿ ಗ್ರಾಮಿಗೆ ಸಾವಿರದೈನೂರು ಚದರ ಮೀಟರ್ ಬೇಕಿತ್ತು, ಇಲ್ಲಿ ಬೆರಳೆಣಿಕೆಯಷ್ಟಿದ್ರೆ ಖುಷಿ. ಒಂದೇ ಮರದ ಒಂದೇ ಕಾಯಿಯ ಕರಟ, ಒಂದು ಹೋಳು ಹಬೆ ಕುಲುಮೆಗೆ, ಇನ್ನೊಂದು ಹೋಳು ದೊಡ್ಡ ಕುಲುಮೆಗೆ.

ಹಾಗಾಗಿ ಮುಂದಿನ ಸಲ "ಇಂಥ ಸಿಪ್ಪೆಯಿಂದ ಬ್ಯಾಟರಿ" ಅಂತ ಓದಿದ್ರೆ ಸಿಪ್ಪೆ ಯಾವುದು ಅನ್ನೋದನ್ನ ಬಿಟ್ಟು ಕುಲುಮೆ ಕಡೆ ನೋಡಿ, ಹೊಲಿದ್ರಾ ಕೊರೆದ್ರಾ ಅಂತ. ಇನ್ನೊಂದು, ಗ್ರಾಮಿಗೆ 400 ಫ್ಯಾರಡ್ ಅಂತ ದೊಡ್ಡ ನಂಬರ್ ಇರುತ್ತೆ, ಅದು ಬಹಳ ಸಲ ಒಂದೆರಡು ಮಿಲಿಗ್ರಾಂ ಕಾರ್ಬನ್ನನ್ನ ನಿಕ್ಕಲ್ ಸ್ಪಾಂಜಿಗೆ ತೆಳ್ಳಗೆ ಬಳಿದು, ನೀರಿನ ದ್ರಾವಣದಲ್ಲಿ ಒಂದು ವೋಲ್ಟ್ ಆಸುಪಾಸಲ್ಲಿ ಅಳೆದಿದ್ದು. ನೀರು 1.23 ವೋಲ್ಟಿಗೇ ಒಡೆಯೋಕೆ ಶುರು, ಶಕ್ತಿ ಲೆಕ್ಕ ವೋಲ್ಟೇಜಿನ ವರ್ಗದ ಮೇಲೆ ಹೋಗುತ್ತೆ, ಹಾಗಾಗಿ 2.7 ವೋಲ್ಟ್ ತಡ್ಕೊಳ್ಳೋ 100 ಫ್ಯಾರಡ್ ಕಾರ್ಬನ್ನು ಒಂದು ವೋಲ್ಟಿನ 400ನ್ನ ಸುಲಭವಾಗಿ ಮಣ್ಣು ಮುಕ್ಕಿಸುತ್ತೆ. ನನ್ನ ಥೀಸಿಸಲ್ಲೂ ಅಂಥದ್ದೇ ಒಂದು ದೊಡ್ಡ ನಂಬರ್ ಇದೆ, ಯಾರೂ ಓದಿಲ್ಲ ಅಂತ ಸಮಾಧಾನ.

ಮತ್ತೆ ಯಾವ ಕಸ ಬೇಕಾದ್ರೂ ಆಗುತ್ತಾ ಅಂದ್ರೆ, ಬೂದಿ ನೋಡಬೇಕು. ಭತ್ತದ ಹೊಟ್ಟಲ್ಲಿ 15ರಿಂದ 20 ಪರ್ಸೆಂಟ್ ಬೂದಿ, ಅದರಲ್ಲಿ ಬಹುಪಾಲು ಸಿಲಿಕಾ, ಅಂದ್ರೆ ಮರಳು. ಗಂಗಾವತಿ, ಸಿಂಧನೂರು ರೈಸ್ ಮಿಲ್ಲುಗಳ ಹಿಂದೆ ಗುಡ್ಡೆ ಬಿದ್ದಿರುತ್ತೆ ನಿಜ, ಆದ್ರೆ ಆ ಮರಳನ್ನ ಕಾಸ್ಟಿಕ್ ಹಾಕಿ ಕರಗಿಸಿ ತೆಗೀಬೇಕು. ತೆಗೆದ ಜಾಗ ತೂತಾಗಿ ಉಳಿಯುತ್ತೆ ಅನ್ನೋದು ಲಾಭ, ಖರ್ಚು ಬೇರೆ. ಬಾಳೆ ದಿಂಡಲ್ಲಿ ಪೊಟ್ಯಾಸಿಯಂ ಜಾಸ್ತಿ, ಸುಡೋವಾಗ ಅದೇ ಸ್ವಲ್ಪ ಆಕ್ಟಿವೇಷನ್ ಮಾಡ್ಬಿಡುತ್ತೆ, ಆದ್ರೆ ದಿಂಡಲ್ಲಿ ಬಹುಪಾಲು ನೀರು, ಒಣಗಿಸೋದ್ರಲ್ಲೇ ಅರ್ಧ ಜೀವ ಹೋಗುತ್ತೆ. ಕಬ್ಬಿನ ಸಿಪ್ಪೆನ ಸಕ್ಕರೆ ಫ್ಯಾಕ್ಟರಿಗಳೇ ಬಾಯ್ಲರಿಗೆ ಹಾಕ್ಕೊಳ್ತವೆ. ಕರಟಕ್ಕೂ ಈಗಾಗಲೇ ಗಿರಾಕಿ ಇದಾರೆ, ವಾಟರ್ ಫಿಲ್ಟರಿಗೆ ಹೋಗೋ ಕಾರ್ಬನ್ನಿಗೂ ಇದೇ ಚಿಪ್ಪೇ ಬೇಕು. ಹಾಗಾಗಿ ಪುಕ್ಕಟೆ ಸಿಗೋ ತ್ಯಾಜ್ಯ ಅನ್ನೋದು ಪೇಪರಲ್ಲಿ ಮಾತ್ರ. ಬ್ಯಾಟರಿ ಕಂಪನಿಗೆ ಪ್ರತಿ ಟನ್ನೂ ಒಂದೇ ಥರ ಇರಬೇಕು, ಮಳೆಗಾಲದ ಕರಟ ಬೇಸಿಗೆ ಕರಟ ಅಂತ ಕಥೆ ಕೇಳಲ್ಲ ಅವರು.

ನಮ್ಮ ಚಿಕ್ಕಪ್ಪ ಕರಟದ ವ್ಯಾಪಾರ ಮಾಡ್ತಾರೆ, ಗುಂಡೀಲಿ ಸುಟ್ಟು ಇದ್ದಿಲು ಮಾಡಿ ತಮಿಳುನಾಡಿನ ಕಾಂಗೇಯಂ ಕಡೆ ಲಾರಿಗೆ ತುಂಬಿಸ್ತಾರೆ. ಇದನ್ನೆಲ್ಲ ಅವರಿಗೆ ವಿವರಿಸಿ, ಬ್ಯಾಟರಿಗೆ ಹಾಕೋ ಇದ್ದಿಲು ಒಳಗಿನ ತನಕ ಒಂದೇ ಸಮ ಬೆಂದಿರಬೇಕು ಚಿಕ್ಕಪ್ಪ, ಅದನ್ನ ಕಂಡುಹಿಡಿಯೋಕೆ ಲ್ಯಾಬಲ್ಲಿ ಮಷೀನ್ ಇದೆ ಅಂದೆ. ಅವರು ಗುಡ್ಡೆಯಿಂದ ಎರಡು ಚೂರು ಎತ್ಕೊಂಡು ಒಂದನ್ನ ಸಿಮೆಂಟ್ ನೆಲಕ್ಕೆ ಬಿಟ್ರು, ಠಣ್ ಅಂತು, ಒಡೆದ ಅಂಚು ಗಾಜಿನ ಥರ ಮಿಂಚ್ತಿತ್ತು. ಇನ್ನೊಂದನ್ನ ಬಿಟ್ರು, ದಬ್ ಅಂತು. "ಇದು ಹಸಿ. ವಾಪಸ್ ಗುಂಡಿಗೆ" ಅಂದು ಎಸೆದ್ರು.